ಮರಳಿ ಕಾಲೇಜಿಗೆ ಹೊರಟವರ ಹಳೆಯ ಬಾಕಿ

ಪ್ರತಿ ವರ್ಷ ಆಗಸ್ಟ್ ತಿಂಗಳಲ್ಲಿ, ಸೆಮಿಸ್ಟರ್ ಶುರುವಾಗಲು ಇನ್ನು ನಾಲ್ಕೈದು ದಿನವಿದೆ ಎನ್ನುವಾಗ, ನಮ್ಮ ಕಚೇರಿಯ ಮುಂದಿನ ಸಾಲಿನಲ್ಲಿ ಹದಿನೆಂಟರ ಹುಡುಗರ ನಡುವೆ ಮೂವತ್ತೈದು, ನಲವತ್ತು ದಾಟಿದವರೂ ಸಾಕಷ್ಟು ಮಂದಿ ನಿಂತಿರುತ್ತಾರೆ. ಅಮೆರಿಕದ ಒಂದು ಕಮ್ಯುನಿಟಿ ಕಾಲೇಜಿನ, ಅಂದರೆ ಮುಖ್ಯವಾಗಿ ಎರಡು ವರ್ಷದ ಪದವಿ ಕೊಡುವ ಕಾಲೇಜಿನ, ಹಣಕಾಸು ನೆರವಿನ ವಿಭಾಗದಲ್ಲಿ ಹದಿನಾಲ್ಕು ವರ್ಷಗಳಿಂದ ಕುಳಿತಿರುವ ನನಗೆ, ಅವರು ಕೌಂಟರಿನ ಮೇಲೆ ಇಡುವ ಕಾಗದವನ್ನು ತಿರುಗಿಸಿ ನೋಡುವ ಮೊದಲೇ ಅದರಲ್ಲಿ ಏನಿದೆ ಎಂದು ಗೊತ್ತಾಗಿರುತ್ತದೆ. ಆದಾಯ ಕಡಿಮೆ, ಅರ್ಜಿ ಸರಿ, ದಾಖಲೆಗಳೆಲ್ಲ ಸರಿ. ಆದರೂ ನೆರವು ಇಲ್ಲ. ಕಾರಣ, ಹತ್ತು ಹದಿನೈದು ವರ್ಷಗಳ ಹಿಂದೆ ಅರ್ಧಕ್ಕೆ ಬಿಟ್ಟು ಹೋದ ಓದಿನ ಕ್ರೆಡಿಟ್‌ಗಳು, ಅಂದರೆ ಪ್ರತಿ ಕ್ಲಾಸಿನ ಓದಿನ ತೂಕವನ್ನು ಅಳೆಯುವ ಘಟಕಗಳು, ಇಂದಿಗೂ ಲೆಕ್ಕದಲ್ಲಿವೆ.

ನೆರವಿನ ವಿಷಯ ಬಂದಾಗ ಎಲ್ಲರೂ ಕೇಳುವುದು ಆದಾಯದ ಬಗ್ಗೆ. ಮೊದಲ ಸಲ ಕಾಲೇಜಿಗೆ ಸೇರುವವರಿಗೆ ಅದು ಸರಿಯಾದ ಪ್ರಶ್ನೆಯೇ. ಮರಳಿ ಬರುವವರು ಮಾತ್ರ ಅದಕ್ಕಿಂತ ಮೊದಲು, ತಾವು ಈವರೆಗೆ ಎಷ್ಟು ಕ್ರೆಡಿಟ್‌ಗಳಿಗೆ ಹೆಸರು ಹಚ್ಚಿದ್ದೇವೆ, ಎಷ್ಟು ಪಾಸಾಗಿದ್ದೇವೆ, ಎಷ್ಟು ನೆರವನ್ನು ಈಗಾಗಲೇ ಬಳಸಿದ್ದೇವೆ ಎಂಬುದನ್ನು ತಿಳಿದುಕೊಳ್ಳಬೇಕು. ಹೆಸರು ಹಚ್ಚಿದ, ಪಾಸಾದ ಕ್ರೆಡಿಟ್‌ಗಳ ಲೆಕ್ಕ ಕಾಲೇಜಿನಲ್ಲೇ ಇರುತ್ತದೆ. ಬಳಸಿದ ನೆರವಿನ ಎರಡು ಲೆಕ್ಕಗಳು, ಗ್ರಾಂಟಿನದು ಮತ್ತು ಸಾಲದ್ದು, ನೀವು ಯಾವ ಊರಿಗೆ, ಯಾವ ಕಾಲೇಜಿಗೆ ಹೋದರೂ ನಿಮ್ಮ ಬೆನ್ನು ಬಿಡುವುದಿಲ್ಲ.

ಕಾಲೇಜಿನಲ್ಲಿರುವ ಲೆಕ್ಕಕ್ಕೆ ನಮ್ಮ ಕಚೇರಿಯ ಭಾಷೆಯಲ್ಲಿ ‘ಸ್ಯಾಪ್’ ಎನ್ನುತ್ತೇವೆ, ಅಂದರೆ ತೃಪ್ತಿಕರ ಶೈಕ್ಷಣಿಕ ಪ್ರಗತಿ. ಒಕ್ಕೂಟ ಸರ್ಕಾರದ ಹಣ ಪಡೆಯುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಇದು ಅನ್ವಯಿಸುತ್ತದೆ. ಸರಾಸರಿ ಅಂಕದ ನಿಯಮ ಎಲ್ಲರಿಗೂ ಗೊತ್ತಿರುವಂಥದ್ದು. ಜನ ಎಡವುವುದು ಇನ್ನೆರಡು ಕಡೆ. ಹೆಸರು ಹಚ್ಚಿದ ಕ್ರೆಡಿಟ್‌ಗಳಲ್ಲಿ ಇಂತಿಷ್ಟು ಪಾಲನ್ನು ಪಾಸಾಗಿರಬೇಕು. ಹೆಚ್ಚಿನ ಕಾಲೇಜುಗಳು ಇದನ್ನು 67 ಪ್ರತಿಶತ ಎಂದು ಇಟ್ಟುಕೊಂಡಿವೆ. ಜೊತೆಗೆ, ಪದವಿಗೆ ನಿಗದಿಯಾದ ಕ್ರೆಡಿಟ್‌ಗಳ ಒಂದೂವರೆ ಪಟ್ಟಿನೊಳಗೆ ಓದು ಮುಗಿಯಬೇಕು. 120 ಕ್ರೆಡಿಟ್‌ಗಳ ಬ್ಯಾಚುಲರ್ ಪದವಿಗೆ 180 ಮಿತಿ, 60 ಕ್ರೆಡಿಟ್‌ಗಳ ಎರಡು ವರ್ಷದ ಅಸೋಸಿಯೇಟ್ ಪದವಿಗೆ 90. ಫೇಲಾದದ್ದು, ನಡುವೆ ಕೈಬಿಟ್ಟು ಅಂಕಪಟ್ಟಿಯಲ್ಲಿ ‘ಡಬ್ಲ್ಯು’ (ವಿತ್‌ಡ್ರಾ) ಎಂದು ಬಿದ್ದದ್ದು, ಅಪೂರ್ಣವಾಗಿ ಉಳಿದದ್ದು, ಎಲ್ಲವೂ ಹೆಸರು ಹಚ್ಚಿದ ಲೆಕ್ಕಕ್ಕೆ ಸೇರುತ್ತವೆ. ನೆರವು ಪಡೆಯದೆ ಸ್ವಂತ ದುಡ್ಡಿನಲ್ಲಿ ಓದಿದ ಕ್ಲಾಸುಗಳೂ ಸೇರುತ್ತವೆ ಎಂದಾಗ ಜನರಿಗೆ ಸಿಟ್ಟೇ ಬರುತ್ತದೆ. ಕೆಲವು ಕಾಲೇಜುಗಳು ಬಹಳ ವರ್ಷಗಳ ನಂತರ ಮರಳಿದವರ ಹಳೆಯ ಕಳಪೆ ಅಂಕಗಳನ್ನು ಸರಾಸರಿಯಿಂದ ಕೈಬಿಡುವ ಕ್ಷಮೆಯ ಪದ್ಧತಿ ಇಟ್ಟುಕೊಂಡಿವೆ. ಆ ಕ್ಷಮೆ ಪದವಿಯ ಮಟ್ಟಿಗೆ ನಡೆದೀತು, ನೆರವಿನ ಲೆಕ್ಕದಲ್ಲಿ ನಡೆಯುವುದಿಲ್ಲ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ, ಮೂವತ್ತೇಳು ವರ್ಷದ ಒಬ್ಬರು ಯೌವನದಲ್ಲಿ ನಾಲ್ಕು ವರ್ಷದ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ 74 ಕ್ರೆಡಿಟ್‌ಗಳಿಗೆ ಹೆಸರು ಹಚ್ಚಿ 41 ಮಾತ್ರ ಪಾಸಾಗಿದ್ದರು. ಅಂದರೆ 55 ಪ್ರತಿಶತ. ಅದೇ ವಿಶ್ವವಿದ್ಯಾಲಯಕ್ಕೆ ಮರಳಿದರೆ 67 ಪ್ರತಿಶತ ಮುಟ್ಟಲು ಅವರು ಒಂದನ್ನೂ ಬಿಡದೆ ಇನ್ನೂ 26 ಕ್ರೆಡಿಟ್ ಪಾಸಾಗಬೇಕು, ಆಗ 100ಕ್ಕೆ 67 ಆಗುತ್ತದೆ. ದಿನಕ್ಕೆ ಹತ್ತು ಗಂಟೆ ದುಡಿಯುವವರು ಸೆಮಿಸ್ಟರಿಗೆ 6 ಕ್ರೆಡಿಟ್ ತೆಗೆದುಕೊಂಡರೆ ಅದು ಐದನೆಯ ಸೆಮಿಸ್ಟರಿನ ಮಾತು. ಅಲ್ಲಿಯವರೆಗೆ, ಮನವಿ ಸಲ್ಲಿಸಿ ಅದು ಮಂಜೂರಾಗದಿದ್ದರೆ, ಕೈಯಿಂದಲೇ ಕಟ್ಟಬೇಕು.

ಅವರು ನಮ್ಮ ಕಾಲೇಜಿಗೆ ಬಂದರೆ ಚಿತ್ರವೇ ಬೇರೆ. ಬೇರೆ ಕಾಲೇಜಿನಿಂದ ಬಂದ ಕ್ರೆಡಿಟ್‌ಗಳಲ್ಲಿ ಹೊಸ ಪದವಿಗೆ ಒಪ್ಪಿಕೊಂಡವನ್ನು ಲೆಕ್ಕಕ್ಕೆ ಹಿಡಿಯಲೇಬೇಕು ಎಂಬುದು ಒಕ್ಕೂಟ ಸರ್ಕಾರದ ನಿಯಮ, ಮತ್ತು ಹೆಚ್ಚಿನ ಕಾಲೇಜುಗಳು ಅಷ್ಟನ್ನೇ ಹಿಡಿಯುತ್ತವೆ. ನಾವು ಅವರ 33 ಕ್ರೆಡಿಟ್‌ಗಳನ್ನು ಒಪ್ಪಿಕೊಂಡೆವು. ಅಲ್ಲಿಗೆ ನಮ್ಮಲ್ಲಿ ಅವರ ಲೆಕ್ಕ 33ಕ್ಕೆ 33. ಅಸೋಸಿಯೇಟ್ ಪದವಿಗೆ ಉಳಿದದ್ದು 27. ಮಿತಿ 90 ಇರುವಾಗ ಉಸಿರಾಡಲು ಜಾಗ ಬೇಕಾದಷ್ಟಿದೆ. ಆ 27 ಮುಗಿಸಿ ಹಳೆಯ ವಿಶ್ವವಿದ್ಯಾಲಯಕ್ಕೆ ಹೋದಾಗ, ಅಲ್ಲಿಯವರು ಅಷ್ಟನ್ನೂ ಒಪ್ಪಿಕೊಂಡರೆ, ಅಲ್ಲಿನ ಲೆಕ್ಕ 101ಕ್ಕೆ 68 ಆಗುತ್ತದೆ, ಅಂದರೆ 67ರ ಗೆರೆಯನ್ನು ಕೂದಲೆಳೆಯಲ್ಲಿ ದಾಟಿರುತ್ತದೆ. ಮರಳಿ ಓದುವವರಲ್ಲಿ ಹಳೆಯ ಕಾಲೇಜಿಗೇ ಹೋಗಿ ಮುಗಿಸಬೇಕೆಂಬ ಹಟವನ್ನು ನಾನು ಬಹಳ ಕಂಡಿದ್ದೇನೆ. ಆ ಭಾವನೆಯ ಮೇಲೆ ನನಗೆ ಗೌರವವಿದೆ, ಆದರೆ ಹಳೆಯ ದಾಖಲೆ ಅತ್ಯಂತ ಭಾರವಾಗಿ ಕೂತಿರುವುದೂ ಅಲ್ಲಿಯೇ. ಹಾಗೆಂದು ಹಳೆಯ ಕಾಲೇಜಿನ ಅಂಕಪಟ್ಟಿಯನ್ನು ಮುಚ್ಚಿಡುವ ಯೋಚನೆ ಬೇಡ. ಹಿಂದೆ ಓದಿದ ಎಲ್ಲ ಕಾಲೇಜುಗಳ ಹೆಸರನ್ನೂ ಕೊಡಬೇಕು, ಮತ್ತು ಹಳೆಯ ನೆರವಿನ ದಾಖಲೆ ನಮ್ಮ ಪರದೆಯ ಮೇಲೆ ಹೇಗೂ ಬರುತ್ತದೆ.

ಇಲ್ಲಿಂದ ಬೆನ್ನು ಬಿಡದ ಲೆಕ್ಕಗಳ ಮಾತು. ಪೆಲ್ ಗ್ರಾಂಟ್ ಎಂಬುದು ಕಡಿಮೆ ಆದಾಯದವರಿಗೆ ಸಿಗುವ, ಮರಳಿಸಬೇಕಾಗಿಲ್ಲದ ಹಣ. 2025-26ರಲ್ಲಿ ಅದರ ಗರಿಷ್ಠ ಮೊತ್ತ ವರ್ಷಕ್ಕೆ 7,395 ಡಾಲರ್. ಇದನ್ನು ಜೀವಮಾನದಲ್ಲಿ 600 ಪ್ರತಿಶತದಷ್ಟು ಮಾತ್ರ ಬಳಸಬಹುದು, ಅಂದರೆ ಪೂರ್ಣಾವಧಿ ಓದಿನ ಹನ್ನೆರಡು ಸೆಮಿಸ್ಟರ್. ಈ ಮಿತಿ ಜಾರಿಗೆ ಬಂದದ್ದು 2012ರ ಜುಲೈ 1ರಂದು, ಆದರೆ ಅದಕ್ಕೂ ಹಿಂದೆ ಪಡೆದ ಗ್ರಾಂಟನ್ನೂ ಅದು ಎಣಿಸುತ್ತದೆ. ಹೆಚ್ಚಿನವರಿಗೆ ತಿಳಿಯದ ಸಂಗತಿ ಎಂದರೆ, ಈ ಪ್ರತಿಶತವನ್ನು ಡಾಲರಿನಲ್ಲಿ ಅಳೆಯುವುದಿಲ್ಲ, ಆ ವರ್ಷ ನಿಮಗೆ ಮಂಜೂರಾದ ಮೊತ್ತದಲ್ಲಿ ಎಷ್ಟು ಪಾಲು ಪಡೆದಿರಿ ಎಂಬುದರಲ್ಲಿ ಅಳೆಯುತ್ತಾರೆ. ವರ್ಷಪೂರ್ತಿ ಓದಿ 7,395 ಡಾಲರ್ ಪಡೆದವರಿಗೂ 100 ಪ್ರತಿಶತ ಕಳೆಯುತ್ತದೆ, ಆದಾಯ ತುಸು ಹೆಚ್ಚಿದ್ದ ಕಾರಣ ಕನಿಷ್ಠ ಮೊತ್ತವಾದ 740 ಡಾಲರ್ ಪಡೆದವರಿಗೂ ಅಷ್ಟೇ ಕಳೆಯುತ್ತದೆ. ಮುಂದಿನ ವರ್ಷ ಕೆಲಸ ಬಿಟ್ಟು ನರ್ಸಿಂಗ್‌ಗೆ ಪೂರ್ಣಾವಧಿ ಸೇರುವ ಯೋಜನೆಯಿರುವ, ಪೆಲ್ ಲೆಕ್ಕದಲ್ಲಿ ಸ್ವಲ್ಪವೇ ಉಳಿದಿರುವವರಿಗೆ ನಾನು ಈ ವರ್ಷದ ಸಣ್ಣ ಮೊತ್ತವನ್ನು ಬೇಡ ಎಂದು ಬರೆದುಕೊಡುವ ಬಗ್ಗೆ ಯೋಚಿಸಲು ಹೇಳುತ್ತೇನೆ. ಸರ್ಕಾರ ಕೊಡುವ ದುಡ್ಡನ್ನು ಬಿಡಿ ಎನ್ನುವ ಸಲಹೆ ಕೇಳಿದವರು ಮೊದಲು ನನ್ನ ಮುಖವನ್ನೇ ನೋಡುತ್ತಾರೆ.

2024-25ರಿಂದ ಪೆಲ್ ಮೊತ್ತ ಕ್ರೆಡಿಟ್‌ಗಳಿಗೆ ನೇರವಾಗಿ ಅಂಟಿಕೊಂಡಿದೆ. ಸೆಮಿಸ್ಟರಿಗೆ 12 ಕ್ರೆಡಿಟ್ ಇದ್ದರೆ ಪೂರ್ತಿ, 7 ಇದ್ದರೆ 58 ಪ್ರತಿಶತ. ಅದರಲ್ಲೂ ನಿಮ್ಮ ಪದವಿಗೆ ಬೇಕಾದ ಕ್ಲಾಸುಗಳು ಮಾತ್ರ ಎಣಿಕೆಗೆ ಬರುತ್ತವೆ. 12 ಕ್ರೆಡಿಟ್‌ಗಳಲ್ಲಿ 3 ಕ್ರೆಡಿಟಿನ ಚಿತ್ರಕಲೆ ಪದವಿಗೆ ಸಂಬಂಧಿಸದ್ದಾದರೆ ಗ್ರಾಂಟ್ 9ಕ್ಕೆ ಮಾತ್ರ.

ಸಾಲದ ಲೆಕ್ಕ ಇಷ್ಟು ಕಠಿಣವಲ್ಲ. 24 ತುಂಬಿದವರು, ಮದುವೆಯಾದವರು ಸ್ವತಂತ್ರ ವಿದ್ಯಾರ್ಥಿಗಳು ಎನಿಸಿಕೊಳ್ಳುವುದರಿಂದ ತಂದೆತಾಯಿಯ ಆದಾಯ ತೋರಿಸಬೇಕಾಗಿಲ್ಲ, ಸಾಲದ ಮಿತಿಯೂ ಹೆಚ್ಚು: ಮೊದಲ ವರ್ಷದ ಮಟ್ಟದಲ್ಲಿ 9,500 ಡಾಲರ್, ಎರಡನೆಯದರಲ್ಲಿ 10,500, ಮೂರನೆಯದರಿಂದ 12,500. ಬ್ಯಾಚುಲರ್ ಮುಗಿಯುವವರೆಗೆ ಒಟ್ಟು 57,500. ಅದರಲ್ಲಿ ಓದುವಾಗ ಬಡ್ಡಿಯನ್ನು ಸರ್ಕಾರವೇ ಭರಿಸುವ ಸಾಲ 23,000ಕ್ಕೆ ಮೀರುವಂತಿಲ್ಲ. ಇಲ್ಲಿ ಎಣಿಸುವುದು ಉಳಿದಿರುವ ಅಸಲನ್ನು, ಆದ್ದರಿಂದ ತೀರಿಸಿದಷ್ಟೂ ಜಾಗ ಮತ್ತೆ ಖಾಲಿಯಾಗುತ್ತದೆ. ಪೆಲ್‌ನಲ್ಲಿ ಬಳಸಿದ್ದು ಸಾಮಾನ್ಯವಾಗಿ ಮರಳುವುದಿಲ್ಲ. ಹಳೆಯ ಸಾಲ ಕಟ್ಟದೆ ಡಿಫಾಲ್ಟ್ ಆಗಿದ್ದರೆ ಗ್ರಾಂಟೂ ಇಲ್ಲ, ಸಾಲವೂ ಇಲ್ಲ, ಅದನ್ನು ಮೊದಲು ಸರಿಪಡಿಸಿಕೊಳ್ಳಬೇಕು. 2026ರ ಜುಲೈ 1ರಿಂದ ಅರೆಕಾಲಿಕ ವಿದ್ಯಾರ್ಥಿಗಳ ವಾರ್ಷಿಕ ಸಾಲದ ಮಿತಿ ಅವರು ಓದುವ ಕ್ರೆಡಿಟ್‌ಗಳ ಪ್ರಮಾಣಕ್ಕೆ ತಕ್ಕಂತೆ ಇಳಿಯುತ್ತದೆ. ಕೆಲಸ ಮಾಡುತ್ತಾ 6 ಕ್ರೆಡಿಟ್ ಓದಿ, ಪೂರ್ತಿ ಸಾಲ ತೆಗೆದು ಮನೆ ಬಾಡಿಗೆಗೂ ಸ್ವಲ್ಪ ಹೊಂದಿಸಿಕೊಳ್ಳುತ್ತಿದ್ದವರಿಗೆ ಇದು ದೊಡ್ಡ ಹೊಡೆತ. ಓದು ನಿಧಾನವಾಗಿ ಸಾಗುವುದೇ ವಯಸ್ಕರ ಸ್ಥಿತಿ ಎಂಬುದನ್ನು ಈ ನಿಯಮ ಮಾಡಿದವರು ಗಮನಿಸಲಿಲ್ಲ ಎಂದೇ ನನ್ನ ಅಭಿಪ್ರಾಯ.

ನಮ್ಮ ಕನ್ನಡದವರ ಪ್ರಶ್ನೆ ಸ್ವಲ್ಪ ಬೇರೆ. ಕೆಲಸದ ಎಚ್-1ಬಿ, ಅವರ ಸಂಗಾತಿ-ಮಕ್ಕಳ ಎಚ್-4, ವಿದ್ಯಾರ್ಥಿಗಳ ಎಫ್-1 ವೀಸಾದಲ್ಲಿರುವವರಿಗೆ ಒಕ್ಕೂಟ ಸರ್ಕಾರದ ನೆರವಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಬಾಗಿಲು ತೆರೆಯುತ್ತದೆ. ಅಷ್ಟು ಹೊತ್ತಿಗೆ ಎಚ್-4ನಲ್ಲಿ ಬಂದಿದ್ದ ಹೆಣ್ಣುಮಕ್ಕಳಿಗೆ ನಲವತ್ತರ ಆಸುಪಾಸು. ಕಳೆದ ವರ್ಷ ಒಬ್ಬರು ಬಂದು ಇಂಗ್ಲಿಷಿನಲ್ಲಿ ಮಾತು ಶುರುಮಾಡಿ, ನನ್ನ ಹೆಸರಿನ ಫಲಕ ನೋಡಿ, “ಮೇಡಂ, ನೀವು ಕನ್ನಡದವರಾ?” ಎಂದು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಕರ್ನಾಟಕದಲ್ಲಿ ಮೂರು ವರ್ಷದ ಬಿ.ಕಾಂ. ಮಾಡಿದವರು. ಎಕ್ಸ್-ರೇ ತಂತ್ರಜ್ಞರಾಗುವ ಆಸೆಯಿಂದ ನಮ್ಮ 64 ಕ್ರೆಡಿಟ್‌ಗಳ ಕೋರ್ಸಿಗೆ ಸೇರಿದ್ದರು. ನೆರವಿನ ಅರ್ಜಿಯಾದ ಫಾಫ್ಸಾದಲ್ಲಿ ಬ್ಯಾಚುಲರ್ ಪದವಿ ಇದೆ ಎಂದು ಗುರುತು ಹಾಕಿದ್ದರಿಂದ ಪೆಲ್ ಆಗಲೇ ಕೈತಪ್ಪಿತ್ತು, ಏಕೆಂದರೆ ಅದು ಮೊದಲ ಬ್ಯಾಚುಲರ್ ಪದವಿ ಆಗುವವರೆಗೆ ಮಾತ್ರ. ಹೊರದೇಶದ ಪದವಿಯನ್ನೂ ಸಾಮಾನ್ಯವಾಗಿ ಹಾಗೆಯೇ ಎಣಿಸುತ್ತಾರೆ. ಆದರೆ ಅದು ಅಮೆರಿಕದ ಬ್ಯಾಚುಲರ್‌ಗೆ ಸಮವಲ್ಲ ಎಂದು ದಾಖಲೆ ಸಹಿತ ತೋರಿಸಿದರೆ ಕಾಲೇಜು ಅದನ್ನು ಪರಿಶೀಲಿಸಿ ಬೇರೆ ತೀರ್ಮಾನಕ್ಕೆ ಬರಬಹುದು, ಮತ್ತು ನಮ್ಮ ಮೂರು ವರ್ಷದ ಪದವಿಗಳಲ್ಲಿ ಈ ಪ್ರಶ್ನೆ ನಿಜವಾಗಿಯೂ ಏಳುತ್ತದೆ. ಹಾಗೆಂದು ಅರ್ಜಿಯಲ್ಲಿ ಸುಮ್ಮನೆ ‘ಇಲ್ಲ’ ಎಂದು ಬರೆಯುವುದು ತಪ್ಪು. ಕೆಲಸಕ್ಕೋ ಎಂಬಿಎಗೋ ಅದೇ ಬಿ.ಕಾಂ. ಸಮಾನ ಎಂಬ ಮೌಲ್ಯಮಾಪನ ಪತ್ರ ಮಾಡಿಸಿಟ್ಟುಕೊಂಡವರು ನಮ್ಮ ಮುಂದೆ ಬಂದು ಸಮಾನವಲ್ಲ ಎನ್ನಲಾಗದು. ಇವರ ಬಳಿ ಅಂಥ ಪತ್ರ ಇರಲಿಲ್ಲ.

ಇವರಿಗೆ ಎರಡನೆಯ ತೊಡಕು ಕ್ರೆಡಿಟ್‌ಗಳದ್ದು. “ನಾನು ಒಂದರಲ್ಲೂ ಫೇಲಾಗಿಲ್ಲವಲ್ಲ” ಎಂದು ಅವರು ಮತ್ತೆ ಮತ್ತೆ ಹೇಳಿದರು. ನಿಜವೇ. ಹಿಂದೆ ನಮ್ಮಲ್ಲೇ ಸ್ವಂತ ದುಡ್ಡಿನಲ್ಲಿ ಇಂಗ್ಲಿಷ್, ಅಕೌಂಟಿಂಗ್, ಆಮೇಲೆ ಮಕ್ಕಳ ಶಿಕ್ಷಣ ಎಂದು 51 ಕ್ರೆಡಿಟ್ ಮಾಡಿದ್ದರು. ಹೊಸ ಕೋರ್ಸಿಗೆ ಅದರಲ್ಲಿ 14 ಮಾತ್ರ ಬಳಕೆಗೆ ಬರುತ್ತಿತ್ತು. ಇನ್ನೂ 50 ಓದಬೇಕಿತ್ತು. 51ಕ್ಕೆ 50 ಕೂಡಿದರೆ 101, ಮಿತಿ 96. ಮಿತಿಯೊಳಗೆ ಮುಗಿಸುವುದು ಲೆಕ್ಕದ ಪ್ರಕಾರ ಅಸಾಧ್ಯ ಎಂದು ಗೊತ್ತಾದ ಕ್ಷಣವೇ ನೆರವು ನಿಲ್ಲಬೇಕು, 96 ಮುಟ್ಟುವವರೆಗೆ ಕಾಯುವುದಿಲ್ಲ. ಹಾಗಾಗಿ ಕ್ಲಾಸು ಶುರುವಾಗುವ ಮೊದಲೇ ಅವರಿಗೆ ಪತ್ರ ಹೋಗಿತ್ತು.

ಇಂಥಲ್ಲಿ ಉಳಿದಿರುವ ದಾರಿ ಮೇಲ್ಮನವಿ. ಬಂಧುಗಳ ಸಾವು, ಸ್ವಂತ ಕಾಯಿಲೆ ಅಥವಾ ಗಾಯ, ಬೇರೆ ವಿಶೇಷ ಸನ್ನಿವೇಶ, ಇವು ನಿಯಮ ಒಪ್ಪುವ ಕಾರಣಗಳು. ಏನಾಯಿತು, ಈಗ ಏನು ಬದಲಾಗಿದೆ ಎಂಬ ಎರಡು ಮಾತಿಗೆ ಉತ್ತರ ಇರಲೇಬೇಕು. ಅವರು ಮೊದಲು ಬರೆದು ತಂದ ಎರಡು ಪುಟದಲ್ಲಿ ಓದಿನ ಮೇಲಿನ ಪ್ರೀತಿ, ಕುಟುಂಬದ ತ್ಯಾಗ, ದೇವರ ದಯೆ ಎಲ್ಲವೂ ಇದ್ದವು, ಒಂದು ತಾರೀಖು ಇರಲಿಲ್ಲ. ಸಮಿತಿಯವರು ಒಂದು ಮಧ್ಯಾಹ್ನದಲ್ಲಿ ನಲವತ್ತು ಮನವಿ ಓದುತ್ತಾರೆ. ಅವರಿಗೆ ಬೇಕಾದದ್ದು ಯಾವ ಸೆಮಿಸ್ಟರ್, ಯಾವ ಕ್ಲಾಸ್, ಯಾವ ಕಾರಣ, ಯಾವ ಕಾಗದ. ಎರಡನೆಯ ಸಲ ಒಂದೇ ಪುಟ ಬಂತು: ವೀಸಾ ಕಾರಣದಿಂದ ಕೆಲಸ ಮಾಡುವಂತಿಲ್ಲದ ವರ್ಷಗಳಲ್ಲಿ ಯಾವ ಕ್ಲಾಸನ್ನು ಏಕೆ ತೆಗೆದುಕೊಂಡೆ, ಗ್ರೀನ್ ಕಾರ್ಡ್ ಯಾವ ತಿಂಗಳು ಬಂತು, ಕೋರ್ಸು ಬದಲಿಸಿದ್ದು ಏಕೆ, ಮತ್ತು ಹೊಸ ಕೋರ್ಸಿನಲ್ಲಿ ಆಯ್ಕೆಯಾದ ಪತ್ರದ ಪ್ರತಿ. ಕೋರ್ಸು ಬದಲಿಸಿದವರಿಗೆ ಹೊಸ ಪದವಿಗೆ ಸೇರುವ ಕ್ರೆಡಿಟ್‌ಗಳನ್ನಷ್ಟೇ ಎಣಿಸಲು ಕಾಲೇಜಿನ ನೀತಿಯಲ್ಲಿ ಅವಕಾಶ ಇಟ್ಟುಕೊಳ್ಳಬಹುದು; ನಮ್ಮಲ್ಲಿ ಅದು ಒಂದೇ ಸಲಕ್ಕೆ ಸಿಗುತ್ತದೆ. ಎಷ್ಟೋ ಕಾಲೇಜುಗಳಲ್ಲಿ ಇದು ನೀತಿಪತ್ರದ ಕೊನೆಯ ಪುಟದಲ್ಲಿ ಎಲ್ಲೋ ಇರುತ್ತದೆ, ಕೇಳದೆ ಯಾರೂ ಹೇಳುವುದಿಲ್ಲ.

ಮನವಿ ಮಂಜೂರಾಯಿತು, ಜೊತೆಗೊಂದು ಅಧ್ಯಯನ ಯೋಜನೆಯೂ ಬಂತು: ಉಳಿದ 50 ಕ್ರೆಡಿಟ್‌ಗಳನ್ನು ಸೆಮಿಸ್ಟರ್‌ವಾರು ಬರೆದ, ಸಲಹೆಗಾರರ ಸಹಿಯಿರುವ ಒಂದು ಹಾಳೆ. ಅದರಾಚೆಗೆ ಒಂದು ಕ್ಲಾಸು ಸೇರಿಸಿದರೂ, ಒಂದನ್ನು ಕೈಬಿಟ್ಟರೂ ನೆರವು ನಿಲ್ಲುತ್ತದೆ ಎಂದು ವಿವರಿಸಿ ಹಾಳೆಯನ್ನು ಅವರ ಕಡೆಗೆ ಸರಿಸಿದೆ. ಅವರು ಎಲ್ಲವನ್ನೂ ಓದಿ, ಸಹಿ ಹಾಕಿ, ಎದ್ದು ನಿಂತ ಮೇಲೆ, “ಒಂದು ಕ್ರೆಡಿಟಿನ ಯೋಗ ಕ್ಲಾಸಿದೆಯಂತೆ ಮೇಡಂ, ಬೆನ್ನು ನೋವಿಗೆ ಒಳ್ಳೆಯದಂತೆ, ಅದು?” ಎಂದರು. ಯೋಗವನ್ನು ಮನೆಯಲ್ಲೇ ಮಾಡಿ ಎಂದು ಹೇಳಿ ಕಳುಹಿಸಿದೆ.