ಕಾಪಿ ಸ್ಟೆಪ್ ಸೊನ್ನೆ, ಮುಂದಿನ ಸ್ಟೆಪ್ ಎಸ್0ಸಿ7: ಹಾಳಾದ ರೆಕಾರ್ಡ್ ಹುಡುಕುವ ಟಿಪ್ಪಣಿ

ಫೈಲ್ ಹಾಳಾಗಿದ್ದರೆ ಅದನ್ನು ಕಾಪಿ ಮಾಡುವ ಯುಟಿಲಿಟಿಯೇ ಹೇಳುತ್ತದೆ ಅಂತ ಮೇನ್‌ಫ್ರೇಮ್ (ಬ್ಯಾಂಕಿನಂಥ ಕಡೆ ಓಡುವ ದೊಡ್ಡ ಕಂಪ್ಯೂಟರ್) ಕಲಿಯುವಾಗ ಅಂದುಕೊಂಡಿದ್ದೆ. ಹೇಳುವುದಿಲ್ಲ. ಒಂದು ಸಲ ಐಇಬಿಜೆನರ್ ಎಂಬ ಕಾಪಿ ಯುಟಿಲಿಟಿಯ ಸ್ಟೆಪ್ ರಿಟರ್ನ್ ಕೋಡ್ 0 (ಅಂದರೆ ಎಲ್ಲ ಸರಿ) ಕೊಟ್ಟು ಮುಗಿಯಿತು. ಅದರ ಹಿಂದೆಯೇ ಕೋಬಾಲ್ ಪ್ರೋಗ್ರಾಂನ ಸ್ಟೆಪ್ ಎಸ್0ಸಿ7 ಅಬೆಂಡ್ ಆಗಿ, ಅಂದರೆ ಸಂಖ್ಯೆಯ ಜಾಗದಲ್ಲಿ ಸಂಖ್ಯೆಯಲ್ಲದ್ದು ಸಿಕ್ಕಿ ಅರ್ಧಕ್ಕೇ ನಿಂತು, ಬಿತ್ತು. ಅರ್ಧ ದಿನ ಪ್ರೋಗ್ರಾಂ ಒಳಗೇ ತಡಕಾಡಿದೆ. ತಪ್ಪು ಇದ್ದದ್ದು ಫೈಲ್‌ನಲ್ಲಿ.

ಅಂಚೆಯವರು ಲಕೋಟೆ ಒಡೆದು ಓದುವುದಿಲ್ಲ, ಅಲ್ವಾ? ಐಇಬಿಜೆನರ್ ಕೂಡ ಹಾಗೆಯೇ. ರೆಕಾರ್ಡ್ ಉದ್ದ ಸರಿ ಇದ್ದರೆ ಬೈಟ್‌ಗಳನ್ನು ಹಾಗೇ ಸಾಗಿಸುತ್ತದೆ. ಯಾವ ಬೈಟ್ ಮೊತ್ತ, ಯಾವುದು ಹೆಸರು ಅಂತ ಅದಕ್ಕೆ ಗೊತ್ತಿಲ್ಲ. ಐಡಿಕ್ಯಾಮ್ಸ್ ಎಂಬ ಇನ್ನೊಂದು ಯುಟಿಲಿಟಿಯ ಕಾಪಿ ಕಮಾಂಡ್ ರೆಪ್ರೊ ಸ್ವಲ್ಪ ಜಾಸ್ತಿ ನೋಡುತ್ತದೆ, ಆದರೆ ಕೆಎಸ್‌ಡಿಎಸ್‌ಗೆ (ರೆಕಾರ್ಡ್‌ಗಳನ್ನು ಕೀ ಕ್ರಮದಲ್ಲಿ ಇಡುವ ಫೈಲ್) ಲೋಡ್ ಮಾಡುವಾಗ ಕೀಯನ್ನು ಮಾತ್ರ. ಅದೇ ಕೀ ಮತ್ತೆ ಬಂದರೆ ಐಡಿಸಿ3308ಐ, ಕ್ರಮ ತಪ್ಪಿದರೆ ಐಡಿಸಿ3314ಐ ಎಂಬ ಮೆಸೇಜ್ ಕೊಡುತ್ತದೆ. ಸುಮ್ನೆ ಬಿಟ್ಟರೆ ಇಂಥ ನಾಲ್ಕು ತಪ್ಪಿಗೆ ಕೆಲಸ ನಿಲ್ಲಿಸುತ್ತದೆ. ಅಂದರೆ ನಿಮಗೆ ಕಾಣುವುದು ಮೊದಲ ನಾಲ್ಕು ತಪ್ಪು. ಫೈಲ್‌ನಲ್ಲಿ ನಾಲ್ಕೇ ಇವೆ ಅಂತ ತಿಳಿಯಬೇಡಿ! ಎರರ್‌ಲಿಮಿಟ್ ಹೆಚ್ಚಿಸಿ ಇನ್ನೊಮ್ಮೆ ಓಡಿಸಿದರೆ ನಿಜವಾದ ಲೆಕ್ಕ ಗೊತ್ತಾಗುತ್ತದೆ.

ವಿಬಿ ಫೈಲ್‌ನಲ್ಲಿ (ರೆಕಾರ್ಡ್‌ಗಳ ಉದ್ದ ಬೇರೆ ಬೇರೆ ಇರುವ ಫೈಲ್) ರೆಕಾರ್ಡ್ ಚಿಕ್ಕದಾಗಿ, ಸಾರ್ಟ್ ಫೀಲ್ಡ್ ಇರುವ ಜಾಗದವರೆಗೂ ಬಾರದಿದ್ದರೆ ಸಾರ್ಟ್ ಮಾಡುವ ಪ್ರೋಗ್ರಾಂ ಡಿಎಫ್‌ಸಾರ್ಟ್ ಐಸಿಇ218ಎ ಮೆಸೇಜ್ ಕೊಟ್ಟು ನಿಲ್ಲುತ್ತದೆ. ಆಗ ಮೊದಲು ನಿಮ್ಮ ಎಣಿಕೆಯನ್ನೇ ಅನುಮಾನಿಸಿ. ಮೊದಲ 4 ಬೈಟ್ ಆರ್‌ಡಿಡಬ್ಲ್ಯೂಗೆ (ರೆಕಾರ್ಡ್‌ನ ಉದ್ದ ಹೇಳುವ ಭಾಗ) ಹೋಗುತ್ತದೆ, ಡೇಟಾ ಶುರುವಾಗುವುದು 5ನೇ ಜಾಗದಿಂದ. ಅದನ್ನು ಮರೆತು ಲೆಕ್ಕ ಹಾಕಿ, ಡೇಟಾ ಕೊಟ್ಟವರನ್ನು ಬೈದವರಲ್ಲಿ ನಾನೂ ಒಬ್ಬ.

ಇನ್ನು ಎಸ್0ಸಿ7. ಐದು ಅಂಕಿಯ ಕಾಂಪ್-3 ಫೀಲ್ಡ್, ಅಂದರೆ ಅಂಕಿಗಳನ್ನು ಒತ್ತಿ ಇಡುವ ಪ್ಯಾಕ್ಡ್ ಫೀಲ್ಡ್, ಮೂರು ಬೈಟ್ ತೆಗೆದುಕೊಳ್ಳುತ್ತದೆ. ಒಂದೊಂದು ಅರ್ಧ ಬೈಟ್‌ನಲ್ಲಿ ಒಂದೊಂದು ಅಂಕಿ, ಕೊನೆಯ ಅರ್ಧದಲ್ಲಿ ಚಿಹ್ನೆ. 12345 ಎಂಬ ಧನ ಸಂಖ್ಯೆಯನ್ನು ಹೆಕ್ಸ್‌ನಲ್ಲಿ ನೋಡಿದರೆ 12 34 5ಸಿ, ಕೊನೆಯ ಸಿ ಧನ ಚಿಹ್ನೆ. ಅಂಕಿಯ ಜಾಗದಲ್ಲಿ 0ರಿಂದ 9, ಚಿಹ್ನೆಯ ಜಾಗದಲ್ಲಿ ಎ ಇಂದ ಎಫ್ ಇರಬೇಕು. ಇಲ್ಲದಿದ್ದರೆ ಆ ಫೀಲ್ಡ್ ಮೇಲೆ ಲೆಕ್ಕ ಮಾಡಲು ಹೋದ ಕ್ಷಣವೇ ಅಬೆಂಡ್. ಯಾರೋ ಫೀಲ್ಡ್ ತುಂಬಾ ಸ್ಪೇಸ್ ಬಿಟ್ಟರೆ ಮೇನ್‌ಫ್ರೇಮ್‌ನಲ್ಲಿ ಅದು 40 40 40 ಆಗುತ್ತದೆ. ಚಿಹ್ನೆಯ ಜಾಗದಲ್ಲಿ ಸೊನ್ನೆ ಕೂತಿದೆ, ಹಾಗಾಗಿ ಬೀಳುತ್ತದೆ. ನಾನು ಜಾಸ್ತಿ ಕಂಡಿರುವುದು ಇದೇ.

ಆದರೆ ಬೀಳುವುದು ಒಳ್ಳೆಯದು, ತಪ್ಪು ಗೊತ್ತಾಗುತ್ತದೆ. ಬೀಳದೇ ಇರುವುದಕ್ಕೆ ಹೆದರಬೇಕು. ಸರ್ವರ್‌ನಲ್ಲಿ ತಯಾರಾದ, ಪ್ಯಾಕ್ಡ್ ಫೀಲ್ಡ್ ಇರುವ ಫೈಲನ್ನು ಯಾರೋ ಬೈನರಿ ಬದಲು ಟೆಕ್ಸ್ಟ್ ಮೋಡ್‌ನಲ್ಲಿ ಎಫ್‌ಟಿಪಿ ಮಾಡಿದರು ಅಂದುಕೊಳ್ಳಿ. ಎಫ್‌ಟಿಪಿ ಪ್ರತಿ ಬೈಟನ್ನೂ ಅಕ್ಷರ ಅಂತ ತಿಳಿದು ಆಸ್ಕಿಯಿಂದ (ಸರ್ವರ್‌ನ ಅಕ್ಷರ ಕೋಡ್) ಎಬ್ಸಿಡಿಕ್‌ಗೆ (ಮೇನ್‌ಫ್ರೇಮ್‌ನ ಅಕ್ಷರ ಕೋಡ್) ಬದಲಿಸುತ್ತದೆ. ಮೊತ್ತ 4 ಇದ್ದರೆ ಕೊನೆಯ ಬೈಟ್ 4ಸಿ. ಆಸ್ಕಿಯಲ್ಲಿ ಅದು ದೊಡ್ಡ ಎಲ್ ಅಕ್ಷರ, ಬದಲಾಗಿ ಡಿ3 ಆಗುತ್ತದೆ. ಚಿಹ್ನೆಯ ಜಾಗಕ್ಕೆ 3 ಬಂತು, ಅಬೆಂಡ್. ಸರಿ. ಈಗ ಮೊತ್ತ 3 ಇದ್ದರೆ? 3ಸಿ ಅಂದರೆ ಆಸ್ಕಿಯಲ್ಲಿ 'ಕಡಿಮೆ' ಚಿಹ್ನೆ. ಎಬ್ಸಿಡಿಕ್‌ನಲ್ಲಿ ಅದೇ ಚಿಹ್ನೆ 4ಸಿ. ಮೂರು ರೂಪಾಯಿ ನಾಲ್ಕಾಯಿತು, ಯಾರೂ ತುಟಿ ಬಿಚ್ಚಲಿಲ್ಲ. ಮೊತ್ತ 2 ಇದ್ದರೆ ಇನ್ನೂ ತಮಾಷೆ. 2ಸಿ ಅಂದರೆ ಅಲ್ಪವಿರಾಮ, ಅದು 6ಬಿ ಆಗುತ್ತದೆ. ಚಿಹ್ನೆಯ ಜಾಗದಲ್ಲಿ ಬಿ ಅಂದರೆ ಋಣ. ಎರಡು ರೂಪಾಯಿ ಹೋಗಿ ಮೈನಸ್ ಆರು! ನಂಬಿಕೆ ಬಾರದಿದ್ದರೆ ಕೋಡ್ ಟೇಬಲ್ ಎರಡನ್ನೂ ಪಕ್ಕದಲ್ಲಿಟ್ಟು ನೀವೇ ನೋಡಿ.

ಹುಡುಕುವ ದಾರಿ ಹೀಗೆ. ಡಂಪ್ (ಬಿದ್ದಾಗಿನ ಮೆಮೊರಿಯ ಪ್ರಿಂಟ್) ಓದಲು ಕೂರುವ ಮೊದಲು, ಡಿಎಫ್‌ಸಾರ್ಟ್ ಜೊತೆ ಬರುವ ಐಸ್‌ಟೂಲ್‌ನ ವೆರಿಫೈ ಓಡಿಸಿ. ಫೀಲ್ಡ್ ಎಲ್ಲಿ ಶುರು, ಎಷ್ಟು ಉದ್ದ, ಪಿಡಿಯೋ (ಪ್ಯಾಕ್ಡ್) ಜೆಡ್‌ಡಿಯೋ (ಒಂದು ಬೈಟ್‌ಗೆ ಒಂದು ಅಂಕಿ) ಅಂತ ಹೇಳಿದರೆ ಸಾಕು. ಕೆಟ್ಟ ರೆಕಾರ್ಡ್‌ನ ಸಂಖ್ಯೆ, ಅದರ ಹೆಕ್ಸ್ ಬೆಲೆ ಎರಡನ್ನೂ ಐಸಿಇ618ಎ ಮೆಸೇಜ್‌ನಲ್ಲಿ ತೋರಿಸುತ್ತದೆ. ಸಂಖ್ಯೆ ಸಿಕ್ಕ ಮೇಲೆ ಐಡಿಕ್ಯಾಮ್ಸ್ ಪ್ರಿಂಟ್‌ನಲ್ಲಿ ಸ್ಕಿಪ್ ಮತ್ತು ಕೌಂಟ್ ಕೊಟ್ಟು ಆ ಒಂದು ರೆಕಾರ್ಡನ್ನು ಡಂಪ್ ರೂಪದಲ್ಲಿ (ಹೆಕ್ಸ್ ಮತ್ತು ಅಕ್ಷರ ಎರಡರಲ್ಲೂ) ನೋಡಿ. ಅದರ ಹಿಂದಿನದು, ಮುಂದಿನದು ಕೂಡ ನೋಡಿ. ಮೂರೂ ಒಂದೇ ರೀತಿ ಕೆಟ್ಟಿದ್ದರೆ ಬಹುಶಃ ಫೈಲ್ ಬಂದ ದಾರಿಯೇ ತಪ್ಪು, ಇಲ್ಲವೇ ನಿಮ್ಮ ಕಾಪಿಬುಕ್ (ಯಾವ ಫೀಲ್ಡ್ ಎಲ್ಲಿದೆ ಅಂತ ಪ್ರೋಗ್ರಾಂಗೆ ಹೇಳುವ ಪಟ್ಟಿ) ಹಳೆಯದು. ಒಂದೇ ಕೆಟ್ಟಿದ್ದರೆ ಅದನ್ನು ಬರೆದ ಪ್ರೋಗ್ರಾಂ ಕಡೆ ಹೋಗಿ.

ಕೆಟ್ಟವನ್ನು ಬೇರೆ ಮಾಡಲು ಡಿಎಫ್‌ಸಾರ್ಟ್‌ನಲ್ಲಿ ನಮ್ ಎಂಬ ಪರೀಕ್ಷೆ ಇದೆ. ಫೀಲ್ಡ್ ಸಂಖ್ಯೆಯಾಗಿದ್ದರೆ ಒಂದು ಔಟ್‌ಫಿಲ್ (ಔಟ್‌ಪುಟ್ ಫೈಲ್ ಬರೆಯುವ ಆದೇಶ), ಆಗಿರದಿದ್ದರೆ ಇನ್ನೊಂದು. ಕೆಟ್ಟ ಜಾಗದಲ್ಲಿ ಸೊನ್ನೆ ತುಂಬಿ ಜಾಬ್ ಮತ್ತೆ ಓಡಿಸೋಣ ಅಂತ ರಾತ್ರಿ ಮೂರು ಗಂಟೆಗೆ ಖಂಡಿತ ಅನಿಸುತ್ತದೆ. ಬೇಡ. ಆ ಸೊನ್ನೆ ಯಾರದೋ ಖಾತೆಯ ಹಣ. ತೆಗೆದದ್ದನ್ನು ಹಾಗೇ ಇಟ್ಟು, ಎರಡೂ ಕಡೆಯ ರೆಕಾರ್ಡ್ ಎಣಿಕೆ ಕೂಡಿಸಿದರೆ ಮೂಲದ ಎಣಿಕೆ ಬರುತ್ತದಾ ನೋಡಿ.

ಮೂರು ನಾಲ್ಕಾದ ಆ ರೆಕಾರ್ಡ್ ಮಾತ್ರ ವೆರಿಫೈಗೂ ಸಿಗುವುದಿಲ್ಲ, ನಮ್‌ಗೂ ಸಿಗುವುದಿಲ್ಲ. ಅದನ್ನು ಹಿಡಿಯಬೇಕೆಂದರೆ ಕಳಿಸುವವರು ಟ್ರೇಲರ್ ರೆಕಾರ್ಡ್‌ನಲ್ಲಿ (ಫೈಲ್‌ನ ಕೊನೆಯ ರೆಕಾರ್ಡ್) ಒಟ್ಟು ಮೊತ್ತ ಬರೆದಿರಬೇಕು, ನಾವು ಕೂಡಿಸಿ ತಾಳೆ ನೋಡಬೇಕು. ಆ ಮೊತ್ತವನ್ನು ಪ್ಯಾಕ್ಡ್ ಆಗಿ ಬರೆಯದೆ, ಕಣ್ಣಿಗೆ ಕಾಣುವ ಅಂಕಿಗಳಲ್ಲೇ ಬರೆಯಲು ಹೇಳಿ. ಇಲ್ಲದಿದ್ದರೆ ಎಫ್‌ಟಿಪಿ ಅದನ್ನೂ ಕೆಡಿಸಿಬಿಡುತ್ತದೆ.