‘ಕೋಳಿಗೆ ಶೀತ’ ಎಂದರೆ ಯಾವ ಕಾಯಿಲೆ?

ಜುಲೈ–ಆಗಸ್ಟ್‌ನ ಕಕ್ಕಡ ತಿಂಗಳ ಮಳೆ ಹಿಡಿದುಕೊಂಡಿತೆಂದರೆ ಕೊಡಗಿನ ಹಿತ್ತಲುಗಳಲ್ಲಿ ಕೇಳಿಬರುವ ಮಾತು: ‘ಕೋಳಿಗೆ ಶೀತ ಆಗಿದೆ.’ ಮೂಗಿನಲ್ಲಿ ನೀರು, ಸೀನು, ಗಂಟಲಲ್ಲಿ ಗೊರಗೊರ, ಬಾಯಿ ತೆರೆದು ಉಸಿರಾಟ ಎಲ್ಲಕ್ಕೂ ಇದೊಂದೇ ಹೆಸರು. ಆದರೆ ಶೀತ ಎನ್ನುವುದು ಲಕ್ಷಣ, ರೋಗವಲ್ಲ. ಅದರ ಹಿಂದೆ ವೈರಾಣು, ಬ್ಯಾಕ್ಟೀರಿಯಾ, ಬೂಷ್ಟು, ಹುಳು ಯಾವುದಾದರೂ ಇರಬಹುದು. ಬರೀ ಗೂಡಿನ ಕೆಟ್ಟ ಗಾಳಿಯೂ ಇರಬಹುದು. ಹೆಸರು ಒಂದೇ ಆದ ಕಾರಣ ಮದ್ದೂ ಒಂದೇ ಆಗಿಬಿಡುತ್ತದೆ. ತಕರಾರು ಇರುವುದು ಅಲ್ಲಿ.

ಎಲ್ಲಕ್ಕಿಂತ ಮೊದಲು ಹೆದರಬೇಕಾದದ್ದು ಕೊಕ್ಕರೆ ರೋಗಕ್ಕೆ. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಗುರುತಿಸಿದ್ದರಿಂದ ಅದು ನ್ಯೂಕ್ಯಾಸಲ್ ರೋಗ. ನಮ್ಮ ದೇಶದಲ್ಲಿ ರಾಣಿಖೇತ್‌ನಲ್ಲಿ ಕಂಡಿದ್ದರಿಂದ ರಾಣಿಖೇತ್ ರೋಗ. ಇದೂ ಸೀನು, ಏದುಸಿರಿನಿಂದಲೇ ಶುರುವಾಗಬಹುದು. ಜೊತೆಗೆ ಹಸಿರು ಭೇದಿ, ಎಳೆಯುವ ಕಾಲು, ತಿರುಚಿಕೊಂಡ ಕತ್ತು ಕಂಡರೆ ಅನುಮಾನ ಗಟ್ಟಿಯಾಗುತ್ತದೆ. ಇದು ವೈರಾಣು, ಔಷಧವಿಲ್ಲ, ಲಸಿಕೆಯೇ ಗತಿ: ಮರಿಗೆ 5ರಿಂದ 7ನೇ ದಿನದಲ್ಲಿ ಕಣ್ಣಿಗೋ ಮೂಗಿಗೋ ಲಸೋಟ ಹನಿ, ಸುಮಾರು 8 ವಾರಕ್ಕೆ ಆರ್‌ಟೂಬಿ ಚುಚ್ಚುಮದ್ದು. ಒಂದೆರಡು ದಿನದಲ್ಲಿ ಹಲವು ಕೋಳಿಗಳು ಸತ್ತರೆ ಹಕ್ಕಿಜ್ವರವೂ ಇರಬಹುದು. ಸತ್ತದ್ದನ್ನು ಕೊಯ್ಯುವುದು, ತೋಟಕ್ಕೆ ಎಸೆಯುವುದು ಬೇಡ; ಪಶು ಆಸ್ಪತ್ರೆಗೆ ತಿಳಿಸಬೇಕು.

ಮುಖ, ಕಣ್ಣಿನ ಸುತ್ತ ಊದಿಕೊಂಡು ಮೂಗಿನ ಸಿಂಬಳ ನಾರುತ್ತಿದ್ದರೆ ಸಾಂಕ್ರಾಮಿಕ ನೆಗಡಿ. ಇದು ಬ್ಯಾಕ್ಟೀರಿಯಾದ ಕೆಲಸ, ಒಂದರಿಂದ ಮೂರು ದಿನದಲ್ಲಿ ಲಕ್ಷಣ ತೋರಿಸುತ್ತದೆ. ಕಣ್ಣಿನ ಮೂಲೆಯಲ್ಲಿ ನೊರೆ, ವಾರಗಟ್ಟಲೆ ಬಿಡದ ಗೊರಗೊರ ಇದ್ದರೆ ಮೈಕೋಪ್ಲಾಸ್ಮಾ. ಔಷಧದಂಗಡಿಯವರ ಬಾಯಲ್ಲಿ ‘ಸಿಆರ್‌ಡಿ’, ಅಂದರೆ ದೀರ್ಘಕಾಲದ ಉಸಿರಾಟದ ರೋಗ. ಈ ಸೂಕ್ಷ್ಮಜೀವಿಗೆ ಕೋಶಭಿತ್ತಿಯೇ ಇಲ್ಲ. ಪೆನಿಸಿಲಿನ್ ಕೊಲ್ಲುವುದು ಆ ಭಿತ್ತಿಯನ್ನು ಕೆಡಿಸಿ, ಹಾಗಾಗಿ ಇಲ್ಲಿ ಅದು ನಾಟುವುದಿಲ್ಲ. ಮನೆಯಲ್ಲಿ ಉಳಿದ ಮಾತ್ರೆಯನ್ನು ಪುಡಿ ಮಾಡಿ ನೀರಿಗೆ ಹಾಕುವವರು ಇದನ್ನು ಒಮ್ಮೆ ಯೋಚಿಸಬೇಕು. ಟೈಲೋಸಿನ್‌ನಂಥ ಬೇರೆ ಔಷಧ ಬೇಕು, ಪ್ರಮಾಣವನ್ನು ಪಶುವೈದ್ಯರೇ ಹೇಳಬೇಕು, ಅವರು ಹೇಳಿದ ಅವಧಿ ಮುಗಿಯುವವರೆಗೆ ಮೊಟ್ಟೆ ತಿನ್ನಬಾರದು.

ಮರಿ ಕತ್ತು ಚಾಚಿ ಆಕಳಿಸಿದಂತೆ ಮಾಡುತ್ತಿದ್ದರೆ ಶ್ವಾಸನಾಳದಲ್ಲಿ ಕೆಂಪು ಹುಳು ಇರಬಹುದು. ಗಂಡು ಹೆಣ್ಣು ಸದಾ ಅಂಟಿಕೊಂಡೇ ಇರುವುದರಿಂದ ಆ ಜೋಡಿ ಕವಣೆಯ ಕವಲಿನಂತೆ ಕಾಣುತ್ತದೆ. ಅದರ ಮರಿಹುಳು ಎರೆಹುಳುವಿನ ಮೈಯಲ್ಲಿ ಕಾದು ಕುಳಿತಿರುತ್ತದೆ. ಮಳೆಗಾಲದ ಕಾಫಿ ತೋಟದಲ್ಲಿ ಎರೆಹುಳುವಿಗೆ ಬರವೇ? ಇದಕ್ಕೆ ಬೇಕಾದದ್ದು ಜಂತುಹುಳುವಿನ ಔಷಧ.

ಕಾಳುಮೆಣಸು, ಬೆಳ್ಳುಳ್ಳಿ ಅರೆದು ಕುಡಿಸುವ ರೂಢಿಯ ಬಗ್ಗೆ ನನಗೆ ಜಗಳವಿಲ್ಲ, ಕುಡಿಸುವ ರೀತಿಯ ಬಗ್ಗೆ ಇದೆ. ಕೋಳಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ. ಕೊಕ್ಕು ಬಿಡಿಸಿ ಸುರಿದ ಕಷಾಯ ನೇರ ಅಲ್ಲಿಗೇ ಹೋಗಬಹುದು. ಕೋಳಿಗೆ ನಮ್ಮಂತೆ ಎದೆ, ಹೊಟ್ಟೆಯ ನಡುವೆ ಉಸಿರೆಳೆಯುವ ವಪೆಯೂ (ಡಯಾಫ್ರಮ್) ಇಲ್ಲ. ಎದೆಗೂಡು ಹಿಗ್ಗಿ ಕುಗ್ಗಿದರಷ್ಟೇ ಗಾಳಿಚೀಲಗಳಿಗೆ ಗಾಳಿ. ಎದೆಯನ್ನು ಅದುಮಿ ಹಿಡಿದು ಮದ್ದು ಕುಡಿಸಿದರೆ ರೋಗಕ್ಕಿಂತ ಮೊದಲು ನಾವೇ ಕೊಂದಂತೆ.

ಇನ್ನು ಗೂಡು. ಹೋದ ಮಳೆಗಾಲದಲ್ಲಿ ನಮ್ಮ ಗೂಡಿನ ಸುತ್ತ ಟಾರ್ಪಾಲನ್ನು ನೆಲದವರೆಗೂ ಇಳಿಬಿಟ್ಟು, ಕೋಳಿಗಳು ಬೆಚ್ಚಗಿವೆ ಎಂದುಕೊಂಡಿದ್ದೆ. ನಾಲ್ಕನೇ ದಿನ ರಾತ್ರಿ, ಎಲ್ಲವೂ ಮಲಗಿದ ಮೇಲೆ ದೀಪವಿಲ್ಲದೆ ಹೋಗಿ ನಿಂತೆ. ಹಗಲಿನ ಗದ್ದಲದಲ್ಲಿ ಕೇಳದ ಗೊರಗೊರ ಆಗ ಸ್ಪಷ್ಟವಾಗಿ ಕೇಳಿಸಿತು, ಮೂರು ಕಡೆಯಿಂದ. ಬೆಳಿಗ್ಗೆ ಮೊಟ್ಟೆ ತೆಗೆಯಲು ಬಗ್ಗಿದರೆ ನನ್ನ ಕಣ್ಣೇ ಉರಿಯಿತು. ಒದ್ದೆ ಹಿಕ್ಕೆಯಿಂದ ಏಳುವ ಅಮೋನಿಯಾ ಅದು. ನಮ್ಮ ಕಣ್ಣು ಉರಿಯುವಷ್ಟಿದ್ದರೆ, ನೆಲದ ಮಟ್ಟದಲ್ಲಿ ಇಡೀ ರಾತ್ರಿ ಉಸಿರಾಡುವ ಕೋಳಿಯ ಶ್ವಾಸನಾಳದ ಒಳಪದರ ಅಷ್ಟರಲ್ಲಿ ಹಾಳಾಗಿರುತ್ತದೆ, ರೋಗಾಣುವಿಗೆ ಬಾಗಿಲು ತೆರೆದಿರುತ್ತದೆ.

ಟಾರ್ಪಾಲನ್ನು ಮೇಲ್ಭಾಗದಲ್ಲಿ ಒಂದು ಗೇಣು ಬಿಚ್ಚಿದೆ. ಕಮಟು ಹಿಡಿದ ಹುಲ್ಲನ್ನೆಲ್ಲ ಎಳೆದು ಹಾಕಿದೆ. ಅದರ ಬೂಷ್ಟಿನ ಧೂಳು ಸಾಕು, ಮರಿಗಳ ಶ್ವಾಸಕೋಶ ಕೆಡಲು. ಒಣ ಭತ್ತದ ಹೊಟ್ಟು ಹರಡಿದೆ. ವಾರದಲ್ಲಿ ಎರಡು ಕೋಳಿಗಳ ಸದ್ದು ನಿಂತಿತು. ಮೂರನೆಯದು ಸಂತೆಯಿಂದ ತಂದ ಹೇಂಟೆ. ಹೊಸದಾಗಿ ತಂದದ್ದನ್ನು ಎರಡು ಮೂರು ವಾರ ಬೇರೆ ಇಡಬೇಕೆಂದು ಗೊತ್ತಿದ್ದೂ ಅವಸರಪಟ್ಟಿದ್ದೆ. ಅದರ ಕಣ್ಣಲ್ಲಿ ನೊರೆಯಿತ್ತು. ವೈದ್ಯರು ಕೊಟ್ಟ ಔಷಧದಿಂದ ಮೇವು ಹೆಕ್ಕಲು ಶುರುಮಾಡಿತು, ಮೊಟ್ಟೆಯನ್ನೂ ಇಡುತ್ತಿದೆ. ಆದರೆ ಮೈಕೋಪ್ಲಾಸ್ಮಾ ಹೊಕ್ಕ ಕೋಳಿ ಗುಣವಾದಂತೆ ಕಂಡರೂ ರೋಗಾಣುವನ್ನು ಹೊತ್ತೇ ಇರುತ್ತದೆ, ಮೊಟ್ಟೆಯ ಮೂಲಕ ಮರಿಗೂ ದಾಟಿಸುತ್ತದೆ. ಹಾಗಾಗಿ ಅದರ ಮೊಟ್ಟೆ ಅಡುಗೆಮನೆಗೆ ಹೋಗುತ್ತದೆಯೇ ಹೊರತು ಕಾವಿಗೆ ಇಡುವುದಿಲ್ಲ.