ಬ್ರೇಕ್ ಫೇಲ್ ಆದದ್ದಲ್ಲ, ಬೆಂದದ್ದು

ಊಟಿಗೆಂದು ರಾತ್ರಿ 2 ಗಂಟೆಗೆ ಬೆಂಗಳೂರು ಬಿಟ್ಟು, 6ಕ್ಕೆ ಬಂಡೀಪುರದ ಗೇಟ್ ತೆಗೆಯುವ ಹೊತ್ತಿಗೆ ಮೇಲುಕಾಮನಹಳ್ಳಿಯಲ್ಲಿ ಸಾಲು ಹಚ್ಚುವವರು ಟೈರಿನ ಗಾಳಿ, ಕೂಲೆಂಟ್, ವೈಪರ್, ನೀಲಗಿರಿ ಜಿಲ್ಲೆಗೆ ಹೋಗಲು ಬೇಕಾದ ಇ-ಪಾಸ್ ಎಲ್ಲವನ್ನೂ ನೋಡಿಕೊಂಡೇ ಬಂದಿರುತ್ತಾರೆ. ಮಸಿನಗುಡಿ ದಾಟಿ ಕಲ್ಲಟ್ಟಿಯ 36 ಹೇರ್‌ಪಿನ್ ತಿರುವುಗಳನ್ನು ಮಂಜಿನಲ್ಲೇ ಹತ್ತಿಯೂ ಬಿಡುತ್ತಾರೆ. ಹತ್ತುವಾಗ ತಪ್ಪು ಮಾಡಿದರೆ ಗಾಡಿ ನಿಲ್ಲುತ್ತದೆ. ಇಳಿಯುವಾಗ ತಪ್ಪು ಮಾಡಿದರೆ ನಿಲ್ಲುವುದಿಲ್ಲ. ನಾನು ಬರೆಯುತ್ತಿರುವುದು ಇಳಿಯುವುದರ ಬಗ್ಗೆ ಮಾತ್ರ.

ಕಲ್ಲಟ್ಟಿಯಲ್ಲಿ ಇಳಿಯಲು ಹೊರಗಿನ ಗಾಡಿಗಳನ್ನು ಬಿಡುವುದಿಲ್ಲ, ತಲೈಕುಂದದಲ್ಲೇ ತಡೆದು ಗೂಡಲೂರಿನ ದಾರಿಗೆ ತಿರುಗಿಸುತ್ತಾರೆ. ಅಲ್ಲಿಗೆ ಜನರ ಭಯ ಹೋಗಿಬಿಡುತ್ತದೆ. ಗೂಡಲೂರಿನ ದಾರಿ ಅಗಲ ನಿಜ, ಆದರೆ ಅದೂ ಘಾಟಿಯೇ. ಸುಮಾರು 2,240 ಮೀಟರ್ ಎತ್ತರದ ಊಟಿಯಿಂದ ಗೂಡಲೂರಿಗೆ ಬರುವಷ್ಟರಲ್ಲಿ ಸಾವಿರ ಮೀಟರಿಗೂ ಹೆಚ್ಚು ಇಳಿದಿರುತ್ತೀರಿ. ನಡುವಟ್ಟಂ ಆದಮೇಲಿನ ಇಳಿಜಾರಂತೂ ಬಿಡುವೇ ಕೊಡುವುದಿಲ್ಲ. ಬೋರ್ಡುಗಳಲ್ಲಿ ‘ಎರಡನೇ ಗೇರ್ ಬಳಸಿ’ ಎಂದು ಬರೆದಿರುತ್ತದೆ. ಓದಿದವರಲ್ಲಿ ಎಷ್ಟು ಜನ ಗೇರ್ ಹಾಕುತ್ತಾರೆ?

ಗ್ಯಾರೇಜಿಗೆ ಬಂದು ಹೇಳುವ ಮಾತು ಒಂದೇ: “ಪ್ಯಾಡ್ ಹೊಸದೇ ಹಾಕಿಸಿದ್ದೆ ಸಾರ್, ಆದ್ರೂ ಬ್ರೇಕ್ ಫೇಲ್ ಆಯ್ತು.” ಚಕ್ರ ಬಿಚ್ಚಿ ನೋಡಿದರೆ ಚಕ್ರದ ಜೊತೆ ತಿರುಗುವ ಡಿಸ್ಕ್ ನೀಲಿಗಟ್ಟಿರುತ್ತದೆ, ಅದನ್ನು ಒತ್ತಿ ಹಿಡಿಯುವ ಪ್ಯಾಡಿನ ಮೈ ಗಾಜಿನಂತೆ ಹೊಳೆಯುತ್ತಿರುತ್ತದೆ. ಮುರಿದ ಭಾಗ ಯಾವುದೂ ಅಲ್ಲಿಲ್ಲ. ಬ್ರೇಕಿನ ಕೆಲಸವೇ ಓಟವನ್ನು ಶಾಖ ಮಾಡುವುದು. ಜನ, ಸಾಮಾನು ಸೇರಿ 1,500 ಕಿಲೋ ತೂಗುವ ಕಾರು 1,000 ಮೀಟರ್ ಇಳಿದರೆ ಹುಟ್ಟುವ ಶಾಖದಲ್ಲಿ 40 ಲೀಟರಿಗೂ ಹೆಚ್ಚು ನೀರನ್ನು ಕುದಿಸಬಹುದು. ಗಾಳಿಯ ತಡೆ, ಟೈರಿನ ಉಜ್ಜಾಟ ಒಂದಿಷ್ಟನ್ನು ನುಂಗುತ್ತವೆ. ಉಳಿದದ್ದನ್ನು ನಾಲ್ಕು ಚಕ್ರಗಳ ಬ್ರೇಕುಗಳೇ ಹೊರಬೇಕೆಂದು ನೀವು ಪೆಡಲ್ ಮೇಲಿಂದ ಕಾಲು ತೆಗೆಯದಿದ್ದರೆ ಅವು ಬೇಯದೆ ಏನು ಮಾಡಿಯಾವು?

ಬೇಯುವುದು ಎರಡು ಬಗೆ. ಪ್ಯಾಡ್ ಮಿತಿಮೀರಿ ಕಾದರೆ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಬ್ರೇಕ್ ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಸೇರಿ ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಆದರೆ ಅದು ಗಾಳಿಯ ತೇವ ಹೀರುತ್ತದೆ. ತೇವ ಕುಡಿದ ಆಯಿಲಿಗೆ ಆ ಮಾನದಂಡ ಬರೀ 155. ಮಟ್ಟ ಸರಿಯಾಗಿದೆ, ಬಣ್ಣ ಚೆನ್ನಾಗಿದೆ ಎಂದು ನಾಲ್ಕೈದು ವರ್ಷ ಬಿಡುವುದು ಇದಕ್ಕಾಗಿಯೇ ತಪ್ಪು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ನಿಮ್ಮ ಗಾಡಿಯ ಕೈಪಿಡಿ ಬೇರೆ ಹೇಳಿದರೆ ಅದೇ ಸರಿ.

ಈಗ ಗೇರಿನ ವಿಷಯ. ಸಣ್ಣ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ತಡೆಯುತ್ತದೆ, ಬ್ರೇಕಿನ ಭಾರ ತಗ್ಗುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬುದು ಲಾರಿ ಚಾಲಕರ ಹಳೆಯ ಪಾಠ. ಈಗಿನ ಎಂಜಿನ್‌ಗಳು ಮೂರನೇ ಗೇರಿನಲ್ಲೂ ಹತ್ತುವುದರಿಂದ, ಇಳಿಯಲು ಇನ್ನೂ ಒಂದು ಗೇರ್ ಕಡಿಮೆ ಮಾಡಿ. ಆಕ್ಸಿಲರೇಟರ್ ಬಿಟ್ಟಾಗಲೂ ವೇಗ ಏರುತ್ತಿದ್ದರೆ ಗೇರ್ ಇನ್ನೂ ದೊಡ್ಡದಿದೆ ಎಂದರ್ಥ. ಎಂಜಿನ್ ನಿಮಿಷಕ್ಕೆ 3,000 ಸುತ್ತಿನಲ್ಲಿ ಕೂಗಿದರೆ ಹೆದರಿ ಗೇರ್ ಏರಿಸಬೇಡಿ. ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟದಿದ್ದರೆ ಎಂಜಿನ್‌ಗೆ ಏನೂ ಆಗುವುದಿಲ್ಲ. ಬ್ರೇಕನ್ನು ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ, ವೇಗ ಇಳಿದ ಕೂಡಲೇ ಪೂರ್ತಿ ಬಿಡಿ. ಹಗುರವಾಗಿ ಒತ್ತಿಕೊಂಡೇ ಬಂದರೆ ಡಿಸ್ಕಿಗೆ ಆರಲು ಸಮಯವೇ ಸಿಗುವುದಿಲ್ಲ.

ನ್ಯೂಟ್ರಲ್‌ನಲ್ಲಿ ಇಳಿದರೆ ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆಯನ್ನು ದಯವಿಟ್ಟು ಬಿಡಿ. ಇಂಜೆಕ್ಷನ್ ಎಂಜಿನ್‌ಗಳಲ್ಲಿ ಗೇರ್ ಹಾಕಿ ಆಕ್ಸಿಲರೇಟರ್ ಬಿಟ್ಟರೆ ಇಂಧನ ಪೂರೈಕೆ ನಿಂತೇಹೋಗುತ್ತದೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ತಾನಾಗಿ ತಿರುಗಲು ಇಂಧನ ಕುಡಿಯುತ್ತಲೇ ಇರುತ್ತದೆ. ಎಂಜಿನ್ ಆಫ್ ಮಾಡಿ ಇಳಿಯುವವರಿಗೆ ಪವರ್ ಸ್ಟೀರಿಂಗೂ ಇಲ್ಲ, ಪೆಡಲ್ ಒತ್ತಲು ಬಲ ಕೊಡುವ ಬ್ರೇಕಿನ ಬೂಸ್ಟರೂ ಇಲ್ಲ.

ಆಟೋಮ್ಯಾಟಿಕ್ ಗಾಡಿಯವರು ‘ಡಿ’ಯಲ್ಲೇ ಕೂರಬೇಡಿ, ‘ಎಲ್’ (ಸಣ್ಣ ಗೇರ್) ಅಥವಾ ‘ಎಂ’ (ಗೇರನ್ನು ನಾವೇ ಆರಿಸುವುದು) ಇರುವುದು ಇದಕ್ಕೇ. ಎಲೆಕ್ಟ್ರಿಕ್ ಕಾರಿನವರು ಊಟಿಯಲ್ಲಿ ಬ್ಯಾಟರಿ ಶೇಕಡಾ 100 ತುಂಬಿಸಿಕೊಂಡು ಹೊರಡಬೇಡಿ. ತುಂಬಿದ ಬ್ಯಾಟರಿಗೆ ಇಳಿಜಾರಿನ ವಿದ್ಯುತ್ತನ್ನು ಇಟ್ಟುಕೊಳ್ಳಲು ಜಾಗವಿಲ್ಲದೆ ರೀಜೆನ್, ಅಂದರೆ ಮೋಟಾರೇ ವಿದ್ಯುತ್ ಹುಟ್ಟಿಸುತ್ತಾ ಗಾಡಿಯನ್ನು ತಡೆಯುವ ವ್ಯವಸ್ಥೆ, ಕೈಕೊಡಬಹುದು.

ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ. ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಆರಲು ಬಿಡಿ. ಡಿಸ್ಕಿಗೆ ನೀರು ಸುರಿದರೆ ಅದು ಬಿರುಕು ಬಿಡಬಹುದು ಅಥವಾ ಸೊಟ್ಟಗಾಗಬಹುದು. ಇದನ್ನು ಘಾಟಿಯಲ್ಲೋ ಗೂಡಲೂರಿನಲ್ಲೋ ಮುಗಿಸಿಕೊಳ್ಳಿ, ಮುಂದಿನ ಹುಲಿ ಕಾಡಿನಲ್ಲಿ ನಿಲ್ಲಿಸುವಂತಿಲ್ಲ. ರಾತ್ರಿ 9ಕ್ಕೆ ಬಂಡೀಪುರದ ಗೇಟ್ ಹಾಕುತ್ತಾರೆಂದು ಈ ಅರ್ಧ ಗಂಟೆಯನ್ನೇ ಉಳಿಸಲು ಹೋಗುವವರು ಬಹಳ. ಊಟಿಯನ್ನು ಮಧ್ಯಾಹ್ನ 3ರೊಳಗೆ ಬಿಟ್ಟರೆ ಆ ಅವಸರ ಬೇಕಾಗುವುದಿಲ್ಲ.

ಪೆಡಲ್ ಪೂರ್ತಿ ಕೆಳಗೆ ಹೋಗಿಯೇಬಿಟ್ಟರೆ ಬೇಗ ಬೇಗ ಪಂಪ್ ಮಾಡಿ, ಒಂದೊಂದೇ ಗೇರ್ ಇಳಿಸಿ, ಹ್ಯಾಂಡ್‌ಬ್ರೇಕನ್ನು ಗುಂಡಿ ಒತ್ತಿ ಹಿಡಿದುಕೊಂಡೇ ನಿಧಾನವಾಗಿ ಎಳೆಯಿರಿ. ಒಮ್ಮೆಲೇ ಜಗ್ಗಿದರೆ ಹಿಂದಿನ ಚಕ್ರ ಕಚ್ಚಿಕೊಂಡು ಗಾಡಿ ತಿರುಗಿಬಿಡುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಕಣಿವೆಯ ಕಡೆ ಹೋಗದೆ ಗುಡ್ಡದ ಕಡೆಯ ಚರಂಡಿಗೆ ಇಳಿಸಿ.